ಒತ್ತಿದರೆ ವಿದ್ಯುತ್, ವಿದ್ಯುತ್ ಕೊಟ್ಟರೆ ಚಲನೆ: ಫೆರೊಎಲೆಕ್ಟ್ರಿಕ್ ವಸ್ತುಗಳ ಸುತ್ತ ಆರು ತಪ್ಪು ಕಲ್ಪನೆಗಳು

ಅಡುಗೆಮನೆಯ ಗ್ಯಾಸ್ ಲೈಟರ್, ಗರ್ಭಿಣಿಯ ಹೊಟ್ಟೆಯ ಮೇಲೆ ವೈದ್ಯರು ಆಡಿಸುವ ಸ್ಕ್ಯಾನಿಂಗ್ ಸಾಧನ, ಸಮುದ್ರದ ಆಳ ಅಳೆಯುವ ಸೋನಾರ್ ಈ ಮೂರರಲ್ಲೂ ಕೆಲಸ ಮಾಡುವುದು ಒಂದೇ ಜಾತಿಯ ವಸ್ತು. ಒತ್ತಿದರೆ ಅದರ ಎರಡು ಮೈಗಳ ನಡುವೆ ವೋಲ್ಟೇಜ್ ಹುಟ್ಟುತ್ತದೆ. ವೋಲ್ಟೇಜ್ ಕೊಟ್ಟರೆ ಅದು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಪಿಯರ್ ಮತ್ತು ಜಾಕ್ ಕ್ಯೂರಿ ಸಹೋದರರು ಹರಳುಗಳಲ್ಲಿ ಮೊದಲನೆಯ ಗುಣವನ್ನು ತೋರಿಸಿದ್ದು 1880ರಲ್ಲಿ. ಎರಡನೆಯದೂ ಇರಲೇಬೇಕು ಎಂದು ಗೇಬ್ರಿಯಲ್ ಲಿಪ್‌ಮನ್ 1881ರಲ್ಲಿ ಲೆಕ್ಕ ಹಾಕಿ ಹೇಳಿದರು. ಕ್ಯೂರಿ ಸಹೋದರರೇ ಅದನ್ನು ಪ್ರಯೋಗದಿಂದ ಖಚಿತಪಡಿಸಿದರು.

ಇಷ್ಟು ಹತ್ತಿರವಿದ್ದರೂ ಈ ವಸ್ತುಗಳ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಅವುಗಳಿಂದ ಆಗದ್ದನ್ನು ನಿರೀಕ್ಷಿಸುವವರು, ಆಗುತ್ತಿರುವುದನ್ನು ಗಮನಿಸದೆ ಹೋಗುತ್ತಾರೆ.

ತಪ್ಪು ಕಲ್ಪನೆ 1: ಗ್ಯಾಸ್ ಲೈಟರ್ ಒಳಗೆ ಸೆಲ್ ಅಥವಾ ಚಕಮಕಿ ಕಲ್ಲು ಇರುತ್ತದೆ

ಸತ್ಯ: ಟಿಕ್ ಟಿಕ್ ಎನ್ನುವ ಸಾಮಾನ್ಯ ಲೈಟರ್‌ನಲ್ಲಿ ಎರಡೂ ಇಲ್ಲ. ಗುಂಡಿ ಒತ್ತುತ್ತಾ ಹೋದಂತೆ ಸ್ಪ್ರಿಂಗ್ ಬಿಗಿಯಾಗಿ, ತಟ್ಟನೆ ಬಿಚ್ಚಿಕೊಂಡು, ಪುಟ್ಟ ಸುತ್ತಿಗೆಯೊಂದನ್ನು ಸೆರಾಮಿಕ್ ತುಂಡಿಗೆ ಬಡಿಸುತ್ತದೆ. ಸೀಸ, ಜಿರ್ಕೋನಿಯಂ, ಟೈಟಾನಿಯಂ, ಆಮ್ಲಜನಕ ಸೇರಿದ ಈ ಸೆರಾಮಿಕ್‌ನ ಹೆಸರು ಪಿಝಡ್‌ಟಿ. ಆ ಒಂದು ಏಟಿಗೆ ಸಾವಿರಾರು ವೋಲ್ಟ್ ಹುಟ್ಟಿ, ಲೈಟರ್ ತುದಿಯಲ್ಲಿ ಕಿಡಿ ಹಾರುತ್ತದೆ. ವೋಲ್ಟೇಜ್ ದೊಡ್ಡದಾದರೂ ಹರಿಯುವ ವಿದ್ಯುದಂಶ ಅತ್ಯಲ್ಪ. ಹಾಗಾಗಿ ಕೈಗೆ ತಗುಲಿದರೂ ಚುರುಕ್ ಎನ್ನುತ್ತದೆ, ಅಷ್ಟೆ.

ತಪ್ಪು ಕಲ್ಪನೆ 2: ಪೀಜೊಎಲೆಕ್ಟ್ರಿಕ್, ಫೆರೊಎಲೆಕ್ಟ್ರಿಕ್ ಎರಡೂ ಒಂದೇ

ಸತ್ಯ: ಒತ್ತಿದರೆ ವೋಲ್ಟೇಜ್ ಹುಟ್ಟಿಸುವ ವಸ್ತುವೇ ಪೀಜೊಎಲೆಕ್ಟ್ರಿಕ್. ಫೆರೊಎಲೆಕ್ಟ್ರಿಕ್ ವಸ್ತುಗಳೆಲ್ಲ ಪೀಜೊಎಲೆಕ್ಟ್ರಿಕ್, ಆದರೆ ಪೀಜೊಎಲೆಕ್ಟ್ರಿಕ್ ಆದದ್ದೆಲ್ಲ ಫೆರೊಎಲೆಕ್ಟ್ರಿಕ್ ಅಲ್ಲ. ಕೈಗಡಿಯಾರದಲ್ಲಿ ಸೆಕೆಂಡಿಗೆ 32,768 ಸಲ ಕಂಪಿಸುವ ಕ್ವಾರ್ಟ್ಜ್ ಹರಳು ಪೀಜೊಎಲೆಕ್ಟ್ರಿಕ್ ಮಾತ್ರ. ಫೆರೊಎಲೆಕ್ಟ್ರಿಕ್ ವಸ್ತುವಿನ ಒಳಗೆ ಯಾರೂ ಒತ್ತದಿದ್ದರೂ ಧನ-ಋಣ ತುದಿಗಳು ತಾವಾಗಿಯೇ ಏರ್ಪಟ್ಟಿರುತ್ತವೆ. ಹೊರಗಿನಿಂದ ವೋಲ್ಟೇಜ್ ಕೊಟ್ಟು ಆ ದಿಕ್ಕನ್ನು ತಿರುಗಿಸಬಹುದು; ವೋಲ್ಟೇಜ್ ತೆಗೆದ ಮೇಲೂ ಅದು ತಿರುಗಿದಂತೆಯೇ ನಿಲ್ಲುತ್ತದೆ.

ಜೋಸೆಫ್ ವಾಲಸೆಕ್ 1920ರಲ್ಲಿ ರೋಶೆಲ್ ಉಪ್ಪಿನ ಹರಳಿನಲ್ಲಿ ಈ ಗುಣ ಕಂಡರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೇರಿಯಂ ಟೈಟನೇಟ್ ಬೆಳಕಿಗೆ ಬಂತು. ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದರ ಟೈಟಾನಿಯಂ ಅಯಾನು ಆಮ್ಲಜನಕದ ಗೂಡಿನ ನಡುಮಧ್ಯದಿಂದ ಕೊಂಚ ಸರಿದು ಕೂರುತ್ತದೆ. ಇಡೀ ಗುಣದ ಮೂಲ ಆ ಸರಿದಾಟವೇ. ಒಂದು ವೋಲ್ಟ್‌ಗೆ ಕ್ವಾರ್ಟ್ಜ್ ತೋರಿಸುವ ಚಲನೆಗಿಂತ ಫೆರೊಎಲೆಕ್ಟ್ರಿಕ್ ಆದ ಪಿಝಡ್‌ಟಿ ತೋರಿಸುವುದು ನೂರು ಪಟ್ಟಿಗೂ ಹೆಚ್ಚು.

ತಪ್ಪು ಕಲ್ಪನೆ 3: ಸೆರಾಮಿಕ್ ಸುಟ್ಟ ಕೂಡಲೇ ಈ ಶಕ್ತಿ ಬಂದು ಶಾಶ್ವತವಾಗಿ ಉಳಿಯುತ್ತದೆ

ಸತ್ಯ: ಗೂಡಿನಿಂದ ಹೊರಬಂದ ತುಂಡನ್ನು ಎಷ್ಟು ಒತ್ತಿದರೂ ವೋಲ್ಟೇಜ್ ಬಾರದು. ಅದರೊಳಗಿನ ಸೂಕ್ಷ್ಮ ಕಣಗಳು, ಸಂತೆಯಲ್ಲಿ ನಿಂತ ಜನರ ಹಾಗೆ, ದಿಕ್ಕಿಗೊಂದರಂತೆ ಮುಖ ಮಾಡಿರುವುದರಿಂದ ಒಂದರ ಪರಿಣಾಮವನ್ನು ಇನ್ನೊಂದು ಅಳಿಸಿಬಿಡುತ್ತದೆ. ತುಂಡನ್ನು ಬಿಸಿ ಎಣ್ಣೆಯಲ್ಲಿಟ್ಟು, ದಪ್ಪದ ಪ್ರತಿ ಮಿಲಿಮೀಟರ್‌ಗೆ ಕೆಲವು ಸಾವಿರ ವೋಲ್ಟ್‌ನಂತೆ ಕೊಟ್ಟಾಗ ಬಹುಪಾಲು ಕಣಗಳ ಧನ-ಋಣ ದಿಕ್ಕು ಒಂದೇ ಕಡೆಗೆ ತಿರುಗುತ್ತದೆ. ಇದಕ್ಕೆ ಪೋಲಿಂಗ್ ಎನ್ನುತ್ತಾರೆ.

ಆಮೇಲೂ ಬಿಸಿಯೇ ಅದರ ಶತ್ರು. ಫೆರೊಎಲೆಕ್ಟ್ರಿಕ್ ಗುಣ ಇಲ್ಲವಾಗುವ ಬಿಸಿಯ ಮಿತಿಯನ್ನು, ಅಂದರೆ ಕ್ಯೂರಿ ತಾಪಮಾನವನ್ನು, ದಾಟಿದರೆ ಪೋಲಿಂಗ್ ಅಳಿಸಿಹೋಗುತ್ತದೆ, ತಣಿಸಿದರೂ ಮರಳುವುದಿಲ್ಲ. ಈ ಬಿಲ್ಲೆಗಳಿಗೆ ತಂತಿ ಬೆಸುಗೆ ಹಾಕುವವರು ಕಾದ ಕಬ್ಬಿಣವನ್ನು ಕ್ಷಣಮಾತ್ರ ತಾಗಿಸಿ ತೆಗೆಯುವುದು ಇದಕ್ಕಾಗಿಯೇ.

ತಪ್ಪು ಕಲ್ಪನೆ 4: ಗರ್ಭಿಣಿಯ ಸ್ಕ್ಯಾನಿಂಗ್‌ನಲ್ಲಿ ಎಕ್ಸ್‌ರೇ ಥರದ ಕಿರಣ ಮಗುವಿಗೆ ತಾಗುತ್ತದೆ

ಸತ್ಯ: ಅಲ್ಟ್ರಾಸೌಂಡ್‌ನಲ್ಲಿ ಎಕ್ಸ್‌ರೇ ಇಲ್ಲವೇ ಇಲ್ಲ, ದೇಹದೊಳಗೆ ಹೋಗುವುದು ಶಬ್ದ. ಸಾಧನದ ತುದಿಯಲ್ಲಿರುವ ಪೀಜೊ ತುಣುಕುಗಳು ವಿದ್ಯುತ್ ಪಡೆದು ಸೆಕೆಂಡಿಗೆ ಹತ್ತಾರು ಲಕ್ಷ ಸಲ ಕಂಪಿಸುತ್ತವೆ. ಕಿವಿಗೆ ಕೇಳದ ಆ ಶಬ್ದ ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಒಳಗೆ ಸಾಗಿ, ಅಂಗಾಂಶಗಳಿಗೆ ತಾಗಿ ಮರಳುತ್ತದೆ. ಮರಳಿದ ಪ್ರತಿಧ್ವನಿ ಅದೇ ತುಣುಕುಗಳನ್ನು ಒತ್ತಿ ವಿದ್ಯುತ್ ಸಂಕೇತವಾಗುತ್ತದೆ. ಕೂಗುವ ಬಾಯಿಯೂ ಕೇಳುವ ಕಿವಿಯೂ ಒಂದೇ. ಹೊಟ್ಟೆಗೆ ಜೆಲ್ ಹಚ್ಚುವುದು ನಡುವಿನ ಗಾಳಿಯನ್ನು ತೆಗೆಯಲು. ಗಾಳಿ ಇದ್ದರೆ ಶಬ್ದ ಚರ್ಮದಿಂದಲೇ ಹಿಂದಿರುಗುತ್ತದೆ. ಎಕ್ಸ್‌ರೇ ಭಯದಿಂದ ವೈದ್ಯರು ಹೇಳಿದ ಸ್ಕ್ಯಾನಿಂಗ್ ತಪ್ಪಿಸಿಕೊಳ್ಳಬಾರದು.

ತಪ್ಪು ಕಲ್ಪನೆ 5: ರಸ್ತೆ, ಮೆಟ್ಟಿಲುಗಳಿಗೆ ಪೀಜೊ ಹಾಸಿದರೆ ಊರಿಗೆಲ್ಲ ಕರೆಂಟು

ಸತ್ಯ: ಲೆಕ್ಕ ಹಾಕಿ ನೋಡಬಹುದು. 60 ಕಿಲೋ ತೂಕದವರು ಕಾಲಿಟ್ಟಾಗ ನೆಲ 5 ಮಿಲಿಮೀಟರ್ ಕುಸಿದರೆ ಸಿಗುವ ಶಕ್ತಿ ಸುಮಾರು 3 ಜೂಲ್. ಒಂದಿಷ್ಟೂ ಸೋರದೆ ಅದೆಲ್ಲ ವಿದ್ಯುತ್ತಾದರೂ, 9 ವ್ಯಾಟ್‌ನ ಎಲ್‌ಇಡಿ ಬಲ್ಬು ಉರಿಯುವುದು ಸೆಕೆಂಡಿನ ಮೂರನೇ ಒಂದು ಭಾಗ. ಗಟ್ಟಿ ಸೆರಾಮಿಕ್ ಅಷ್ಟೆಲ್ಲ ಕುಸಿಯುವುದೂ ಇಲ್ಲ. ಕೈಗೆ ಸಿಗುವುದು ಇದಕ್ಕಿಂತ ಎಷ್ಟೋ ಕಡಿಮೆ. ಮೇಲಾಗಿ ವಿದ್ಯುತ್ ಹುಟ್ಟುವುದು ಒತ್ತಡ ಬದಲಾಗುವಾಗ ಮಾತ್ರ. ಪೀಜೊ ಮೇಲೆ ದಿನವಿಡೀ ಲಾರಿ ನಿಲ್ಲಿಸಿದರೂ ಕರೆಂಟು ಹರಿಯುತ್ತಿರುವುದಿಲ್ಲ. ಓಡುವ ವಾಹನದಿಂದ ಸಿಗುವ ಶಕ್ತಿಯೂ ಬಿಟ್ಟಿಯಲ್ಲ, ಅದಕ್ಕೆ ಉರಿಯುವುದು ವಾಹನದ ಇಂಧನವೇ. ಸಣ್ಣ ಸೆನ್ಸರ್ ನಡೆಸಲು ಸಾಕಾಗುವ ಈ ವಿದ್ಯುತ್ತನ್ನು ಬೀದಿದೀಪದ ಯೋಜನೆಯಾಗಿ ಮಾರಲು ಬಂದವರ ಮುಂದೆ ಈ ಲೆಕ್ಕ ಇಡಬೇಕು.

ತಪ್ಪು ಕಲ್ಪನೆ 6: ಕಣ್ಣಿಗೆ ಕಾಣದ ಚಲನೆಯಿಂದ ಏನು ಉಪಯೋಗ?

ಸತ್ಯ: ಈ ವಸ್ತುಗಳ ನಿಜವಾದ ಹಿರಿಮೆ ಇಲ್ಲಿದೆ. ಪಿಝಡ್‌ಟಿ ತುಂಡಿಗೆ ಒಂದು ವೋಲ್ಟ್ ಕೊಟ್ಟರೆ ಅದು ಹಿಗ್ಗುವುದು ಒಂದು ನ್ಯಾನೊಮೀಟರ್‌ನ ಅರ್ಧದಷ್ಟು, ಅಂದರೆ ಕೆಲವೇ ಪರಮಾಣುಗಳ ಅಗಲ. ಇಷ್ಟು ಸಣ್ಣ ಹೆಜ್ಜೆಯನ್ನು ಹಲ್ಲುಚಕ್ರಗಳಿಂದ ಇಡಿಸಲಾಗದು. ಗರ್ಡ್ ಬಿನ್ನಿಗ್ ಮತ್ತು ಹೈನ್ರಿಕ್ ರೋರರ್ 1981ರಲ್ಲಿ ಜ್ಯೂರಿಕ್‌ನ ಐಬಿಎಂ ಪ್ರಯೋಗಾಲಯದಲ್ಲಿ ಕಟ್ಟಿದ ಸೂಕ್ಷ್ಮದರ್ಶಕ, ಪೀಜೊ ಚಲನೆಯಿಂದಲೇ ಸೂಜಿಮೊನೆಯನ್ನು ಸರಿಸುತ್ತಾ ಒಂದೊಂದೇ ಪರಮಾಣುವಿನ ಚಿತ್ರ ತೆಗೆಯುವ ದಾರಿ ತೆರೆಯಿತು. 1986ರಲ್ಲಿ ಅವರಿಗೆ ನೊಬೆಲ್ ಬಂತು.

ಹೆಚ್ಚು ಚಲನೆ ಬೇಕಿದ್ದರೆ ತೆಳು ಪದರಗಳನ್ನು ನೂರಾರು ಸಂಖ್ಯೆಯಲ್ಲಿ ಪೇರಿಸುತ್ತಾರೆ. ಕೆಲವು ಡೀಸೆಲ್ ಎಂಜಿನ್‌ಗಳ ಇಂಜೆಕ್ಟರ್ ಇಂಥ ಪೇರಿಕೆಯಿಂದಲೇ ಇಂಧನವನ್ನು ಅಳೆದಳೆದು ಬಿಡುತ್ತದೆ. ಕೆಲವು ಇಂಕ್‌ಜೆಟ್ ಪ್ರಿಂಟರ್‌ಗಳಲ್ಲಿ ಶಾಯಿಯ ಹನಿಯನ್ನು ಹೊರದೂಡುವುದೂ ಪೀಜೊ ತುಣುಕೇ.

ಬಾಕಿ ಉಳಿದ ತೊಡಕು ಸೀಸದ್ದು. ಪಿಝಡ್‌ಟಿಯ ತೂಕದಲ್ಲಿ 60 ಪ್ರತಿಶತಕ್ಕೂ ಹೆಚ್ಚು ಭಾಗ ಸೀಸವೇ. ಪೊಟ್ಯಾಸಿಯಂ, ಸೋಡಿಯಂ, ನಯೋಬಿಯಂ ಬಳಸಿ ಸೀಸವಿಲ್ಲದ ಉತ್ತಮ ಸೆರಾಮಿಕ್ ಮಾಡಬಹುದೆಂದು ಜಪಾನಿನ ಸಂಶೋಧಕರು 2004ರಲ್ಲಿ ತೋರಿಸಿದ್ದಾರೆ. ಆದರೂ ಮಾರುಕಟ್ಟೆಯಲ್ಲಿ ಈಗಲೂ ಪಿಝಡ್‌ಟಿಯದೇ ಮೇಲುಗೈ. ಕೆಟ್ಟ ಲೈಟರ್, ಹಳೆಯ ಬಜರ್‌ಗಳನ್ನು ಹಸಿ ಕಸದ ಜೊತೆ ಬೆರೆಸದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡುವುದು ಸದ್ಯಕ್ಕೆ ಪ್ರತಿ ಮನೆಯವರೂ ಮಾಡಬಹುದಾದ ಕೆಲಸ.