ಪಕ್ಕವಾದ್ಯದ ರಾಜ: ಕಿಂಗ್ ಕರ್ಟಿಸ್

ನಮ್ಮ ಕಛೇರಿಗಳಲ್ಲಿ ಪಿಟೀಲು, ಮೃದಂಗ ನುಡಿಸುವವರ ಹೆಸರುಗಳು ಆಮಂತ್ರಣಪತ್ರಿಕೆಯಲ್ಲಿ ಅಚ್ಚಾಗುತ್ತವೆ. ವೇದಿಕೆಯ ಮೇಲೆ ಅವರ ಮುಖವೂ ಕಾಣುತ್ತದೆ. 1950ರ ದಶಕದ ಅಮೆರಿಕದಲ್ಲಿ ಗ್ರಾಮಫೋನ್ ತಟ್ಟೆಗಳಿಗೆ ನುಡಿಸುತ್ತಿದ್ದವರಿಗೆ ಸಾಮಾನ್ಯವಾಗಿ ಈ ಭಾಗ್ಯವಿರಲಿಲ್ಲ. ತಟ್ಟೆಯ ಮೇಲೆ ಗಾಯಕರ ಹೆಸರು. ವಾದಕನಿಗೆ ಆ ಹೊತ್ತಿನ ಸಂಭಾವನೆ ಕೊಟ್ಟರೆ ಮುಗಿಯಿತು. ಲಕ್ಷಾಂತರ ಜನ ಕೇಳಿ ತಲೆದೂಗಿದ ಸ್ಯಾಕ್ಸೊಫೋನು ಯಾರದೆಂದು ಬಹುಮಂದಿ ಅರಿಯರು. ಕಿಂಗ್ ಕರ್ಟಿಸ್ ಅಂತಹ ವಾದಕರಲ್ಲಿ ಅಗ್ರಗಣ್ಯ.

1934ರಲ್ಲಿ ಟೆಕ್ಸಾಸಿನ ಫೋರ್ಟ್ ವರ್ತ್ ನಗರದಲ್ಲಿ ಜನಿಸಿದ ಕರ್ಟಿಸ್ ಔಸ್ಲಿಗೆ ಕಾಲೇಜಿನ ವಿದ್ಯಾರ್ಥಿವೇತನ ಒದಗಿಬಂದಿದ್ದಿತು. ಅದನ್ನು ತೊರೆದು ಆತ ಲಯೊನೆಲ್ ಹ್ಯಾಂಪ್ಟನ್ನನ ಜಾಝ್ ಮೇಳವನ್ನು ಸೇರಿದ. (ನಮ್ಮಲ್ಲಿ ಯಾವ ತಂದೆತಾಯಿಗಳು ಇದಕ್ಕೆ ಒಪ್ಪಿಯಾರು?) ಬಳಿಕ ನ್ಯೂಯಾರ್ಕಿನಲ್ಲಿ ನೆಲೆಸಿದ.

1958ರಲ್ಲಿ ಕೋಸ್ಟರ್ಸ್ ಬಳಗದ 'ಯಾಕೆಟಿ ಯಾಕ್' ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮನೆಗೆಲಸ ಮಾಡೆಂದು ಮಕ್ಕಳನ್ನು ಗದರುವ ಹಿರಿಯರ ಹಾಡು ಅದು. ನಡುವೆ ಕರ್ಟಿಸನ ಸ್ಯಾಕ್ಸೊಫೋನು ತೊದಲುತ್ತ, ಕೇಕೆ ಹಾಕುತ್ತ ತಾನೂ ಜಗಳಕ್ಕಿಳಿಯುತ್ತದೆ. ವಾದ್ಯದಿಂದ ನಗೆಯನ್ನು ಹೊರಡಿಸುವುದು ಸುಲಭವಲ್ಲ. ಹಾಗೆಂದು ಆತ ಬರಿಯ ವಿನೋದಗಾರನೂ ಅಲ್ಲ. 1960ರಲ್ಲಿ ನ್ಯಾಟ್ ಆಡರ್ಲಿ, ವಿಂಟನ್ ಕೆಲಿಯಂತಹ ಜಾಝ್ ವಿದ್ವಾಂಸರೊಡನೆ ಸರಿಸಮನಾಗಿ ನುಡಿಸಿದ್ದಾನೆ.

ಆದರೆ ಅವನ ಹಿರಿಮೆಯನ್ನು ಅರಿಯಲು ಅರೀತಾ ಫ್ರಾಂಕ್ಲಿನ್ 1967ರಲ್ಲಿ ಹಾಡಿದ 'ರೆಸ್ಪೆಕ್ಟ್' ಗೀತೆಯನ್ನೇ ಕೇಳಬೇಕು. ಓಟಿಸ್ ರೆಡಿಂಗನು ರಚಿಸಿ 1965ರಲ್ಲಿ ತಾನೇ ಹಾಡಿದ್ದ ಗೀತೆ ಅದು. ಅವನ ಹಾಡಿನಲ್ಲಿಲ್ಲದ ಒಂದು ಭಾಗವನ್ನು ನಡುವೆ ಸೇರಿಸಿ ಕರ್ಟಿಸನಿಗೆ ಬಿಟ್ಟುಕೊಟ್ಟರು. ಶ್ರುತಿಯೇ ಥಟ್ಟನೆ ಬದಲಾಗುತ್ತದೆ. ಕೆಲವೇ ಕ್ಷಣಗಳಲ್ಲಿ ತನ್ನ ಮಾತನ್ನು ಮುಗಿಸಿ ಆತ ಗಾಯಕಿಗೆ ದಾರಿ ಬಿಡುತ್ತಾನೆ. ಇನ್ನೊಂದು ಸುತ್ತು ನುಡಿಸುವ ಆಸೆ ಯಾರಿಗಿರದು? ಆ ಆಸೆಯನ್ನು ತಡೆದ ಸಂಯಮವೇ ಹಾಡನ್ನು ಎತ್ತರಿಸಿದೆ ಎಂದು ನನ್ನ ಎಣಿಕೆ.

ಸ್ವಂತ ಹೆಸರಿನಲ್ಲಿ 'ಸೋಲ್ ಸೆರೆನೇಡ್' (1964), 'ಮೆಂಫಿಸ್ ಸೋಲ್ ಸ್ಟ್ಯೂ' (1967) ಖ್ಯಾತಿ ತಂದವು. 1971ರ ಮಾರ್ಚಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫಿಲ್‌ಮೋರ್ ವೆಸ್ಟ್ ಸಭಾಂಗಣದಲ್ಲಿ ಅರೀತಾಳ ವಾದ್ಯಮೇಳವನ್ನು ಅವನೇ ನಡೆಸಿದ. ತಾನೂ ಪ್ರತ್ಯೇಕವಾಗಿ ನುಡಿಸಿದ. ಪಕ್ಕದಲ್ಲಿ ಕುಳಿತವನು ನಡುವೇದಿಕೆಗೆ ಬಂದಂತಾಯಿತು. ಅವನದೇ ಹೆಸರು ಹೊತ್ತ ಆ ಕಛೇರಿಯ ತಟ್ಟೆ ಆಗಸ್ಟಿನಲ್ಲಿ ಅಂಗಡಿಗಳಿಗೆ ಬಂದಿತು.

ಅದೇ ತಿಂಗಳ 13ರಂದು ನ್ಯೂಯಾರ್ಕಿನ ತನ್ನ ಮನೆಯ ಮುಂದೆ ನಡೆದ ಜಗಳದಲ್ಲಿ ಇರಿತಕ್ಕೊಳಗಾಗಿ ಕರ್ಟಿಸ್ ಮೃತನಾದ. ಆಗ ಅವನಿಗೆ ಕೇವಲ 37 ವರ್ಷ. ಅಂತ್ಯಕ್ರಿಯೆಯ ದಿನ ಅವನ ಬಳಗದವರು 'ಸೋಲ್ ಸೆರೆನೇಡ್' ನುಡಿಸಿದರು, ಅರೀತಾ ಹಾಡಿದಳು.