ಬ್ರೆಡ್ಡು, ಸೇಬು, ಬೆಣ್ಣೆ ತಾನೇ ಅಂತ ಬಡಿಸಿಕೊಳ್ಳುವ ಮುನ್ನ... ಅಮೆರಿಕದ ಹಬ್ಬದೂಟದ ‘ಸ್ಟಫಿಂಗ್’ ಬಗ್ಗೆ ಗೊತ್ತಿರಲಿ

ನವೆಂಬರ್ ತಿಂಗಳಲ್ಲಿ ಅಮೆರಿಕದ ಮಗನ ಮನೆಗೋ ಮಗಳ ಮನೆಗೋ ಹೋಗಿರುವ ನಮ್ಮ ಕಡೆಯ ಅಪ್ಪ-ಅಮ್ಮಂದಿರನ್ನು ಅಲ್ಲಿನ ಅಕ್ಕಪಕ್ಕದವರು ಹಬ್ಬದ ಊಟಕ್ಕೆ ಕರೆಯೋದುಂಟು. ಟೇಬಲ್ ನಡುವೆ ಇಡೀ ಟರ್ಕಿ ಕೋಳಿ. ಅದನ್ನು ನೋಡಿದ ಕೂಡಲೇ ಸಸ್ಯಾಹಾರಿಗಳು ಈಚೆ ಸರಿದುಬಿಡ್ತಾರೆ. ಪಕ್ಕದ ಗಾಜಿನ ಪಾತ್ರೆಯಲ್ಲಿ ಬ್ರೆಡ್ ತುಂಡು, ಸೇಬು, ಈರುಳ್ಳಿ, ಮೇಲೆ ಕೆಂಪಗೆ ಒಣಹಣ್ಣು. ‘ಸದ್ಯ, ಇದು ನಮ್ಮದು’ ಅಂತ ಎರಡು ಸೌಟು ಬಡಿಸಿಕೊಳ್ಳೋದು ಅಲ್ಲೇ, ಎಡವಟ್ಟಾಗೋದೂ ಅಲ್ಲೇ.

ಹೌದು, ನೋಡೋಕೆ ಅದರಲ್ಲಿ ಮಾಂಸದ ಚೂರೂ ಇರಲ್ಲ. ಆದರೆ ಆ ಬ್ರೆಡ್ ಕುಡಿದಿರುವುದು ಹೆಚ್ಚಿನ ಮನೆಗಳಲ್ಲಿ ಕೋಳಿ ಬೇಯಿಸಿದ ನೀರನ್ನು. ಅದನ್ನು ಅಲ್ಲಿ ಚಿಕನ್ ಬ್ರಾತ್ ಅಂತಾರೆ. ಕೆಲವರು ಇನ್ನೂ ಹಳೇ ಪದ್ಧತಿಯಂತೆ ಕೋಳಿಯ ಹೊಟ್ಟೆಯೊಳಗೇ ತುಂಬಿ ಬೇಯಿಸ್ತಾರೆ.

ಏನಿದು ಸ್ಟಫಿಂಗ್?

ಸ್ಟಫಿಂಗ್ ಅಂದ್ರೆ ತುಂಬುವ ಹೂರಣ. ನಾವು ಎಣ್ಣೆಗಾಯಿಗೆ ಬದನೆಕಾಯಿ ಸೀಳಿ ಮಸಾಲೆ ತುಂಬ್ತೀವಲ್ಲ, ಹಾಗೆ ಅವರು ಕೋಳಿಯೊಳಗೆ ಬ್ರೆಡ್ ತುಂಬಿ ಓವನ್‌ಗೆ ಇಡ್ತಾರೆ. ಬೇರೆ ಪಾತ್ರೆಯಲ್ಲಿ ಬೇಯಿಸಿದರೂ ಹೆಸರು ಅದೇ ಉಳಿದಿದೆ. ದಕ್ಷಿಣದ ರಾಜ್ಯಗಳಲ್ಲಿ ಮಾತ್ರ ಡ್ರೆಸಿಂಗ್ ಅನ್ನೋದು ಜಾಸ್ತಿ, ಅಲ್ಲಿ ಮೆಕ್ಕೆಜೋಳದ ಬ್ರೆಡ್ ಹಾಕ್ತಾರೆ.

ಇದು ಮುಖ್ಯವಾಗಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಅಡುಗೆ. 1863ರಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ನವೆಂಬರ್ ಕೊನೆಯ ಗುರುವಾರ ಈ ಹಬ್ಬ ಆಚರಿಸುವಂತೆ ಕರೆ ಕೊಟ್ಟರು. 1941ರ ಕಾನೂನಿನಿಂದ ಅದು ನಾಲ್ಕನೇ ಗುರುವಾರಕ್ಕೆ ನಿಂತಿತು. ಕೆನಡಾದಲ್ಲಿ ಮಾತ್ರ ಅಕ್ಟೋಬರ್‌ನ ಎರಡನೇ ಸೋಮವಾರ. ಕ್ರಿಸ್‌ಮಸ್ ಊಟಕ್ಕೂ ಸ್ಟಫಿಂಗ್ ಮಾಡೋರಿದ್ದಾರೆ. 1972ರಲ್ಲಿ ಜನರಲ್ ಫುಡ್ಸ್ ಕಂಪನಿ ‘ಸ್ಟವ್ ಟಾಪ್’ ಅನ್ನೋ ರೆಡಿಮೇಡ್ ಪ್ಯಾಕೆಟ್ ಬಿಟ್ಟಿತು, ಬಿಸಿನೀರು ಬೆಣ್ಣೆ ಹಾಕಿದರೆ ಐದಾರು ನಿಮಿಷದಲ್ಲಿ ತಯಾರು. ಆದರೂ ಹಬ್ಬದ ದಿನ ಕೈಯಾರೆ ಮಾಡಿದ್ದೇ ಆಗಬೇಕು ಅನ್ನೋ ಮನೆಗಳು ಬೇಕಾದಷ್ಟಿವೆ.

ಬ್ರೆಡ್ ಒಣಗಬೇಕು, ಬರೀ ಹಳೇದಾದರೆ ಸಾಲದು

ಸ್ಟಫಿಂಗ್ ಕೆಡೋದು ಬಹುತೇಕ ಒಂದೇ ಕಾರಣಕ್ಕೆ: ಗಂಜಿಯಾಗುತ್ತೆ. ‘ನಿನ್ನೆಯ ಬ್ರೆಡ್ ಹಾಕಿ’ ಅಂತ ಎಲ್ಲರೂ ಹೇಳ್ತಾರೆ, ಅದು ಅರ್ಧ ಸತ್ಯ. ಪ್ಲಾಸ್ಟಿಕ್ ಕವರ್‌ನಲ್ಲಿಟ್ಟ ಬ್ರೆಡ್ ಎರಡು ದಿನಕ್ಕೆ ಗಟ್ಟಿಯಾಗುತ್ತೆ, ಆದರೆ ಅದರೊಳಗಿನ ನೀರು ಹೆಚ್ಚೇನೂ ಹೋಗಿರಲ್ಲ. ಪಿಷ್ಟ ಬಿಗಿದುಕೊಂಡಿರುತ್ತೆ, ಅಷ್ಟೇ. ಅದಕ್ಕೇ ಹಳೇ ಬ್ರೆಡ್ಡನ್ನು ಬಿಸಿ ಮಾಡಿದರೆ ಮತ್ತೆ ಮೆತ್ತಗಾಗೋದು. ಅಂಥದಕ್ಕೆ ಎರಡು ಲೋಟ ಬ್ರಾತ್ ಸುರಿದರೆ ಮುದ್ದೆಯಾಗದೆ ಇನ್ನೇನಾಗುತ್ತೆ?

ಬ್ರೆಡ್ಡನ್ನು ಮುಕ್ಕಾಲು ಇಂಚಿನ ತುಂಡು ಮಾಡಿ, ಓವನ್‌ನಲ್ಲಿ 120-130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮುಕ್ಕಾಲು ಗಂಟೆ ಒಣಗಿಸಬೇಕು. ಮಧ್ಯೆ ಒಮ್ಮೆ ತಿರುಗಿಸಿ. ಬಣ್ಣ ಬರೋದು ಮುಖ್ಯ ಅಲ್ಲ, ಒಳಗೂ ಗರಿಯಾಗಬೇಕು. ನಮ್ಮ ಬೇಕರಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ರಸ್ಕ್ ಮಾಡೋದೂ ಇದೇ ದಾರಿಯಲ್ಲಿ. ಹಾಗಂತ ಅಂಗಡಿಯ ಸಿಹಿ ರಸ್ಕ್ ತಂದು ಹಾಕಿದರೆ ಕೆಡುತ್ತೆ. ಸಿಹಿ ಇಲ್ಲದ ಬ್ರೆಡ್ಡೇ ಬೇಕು.

ಮಾಡುವ ಬಗೆ

ಆರೆಂಟು ಜನಕ್ಕೆ ಸುಮಾರು 450 ಗ್ರಾಂ ಬ್ರೆಡ್. ಬಾಣಲೆಯಲ್ಲಿ 100 ಗ್ರಾಂ ಬೆಣ್ಣೆ ಕರಗಿಸಿ, ದೊಡ್ಡ ಎರಡು ಈರುಳ್ಳಿ, ಮೂರು ದಂಟು ಸೆಲರಿ ಸಣ್ಣಗೆ ಹೆಚ್ಚಿ ಹಾಕಿ ಬಾಡಿಸಿ. ಈರುಳ್ಳಿ ಕೆಂಪಾಗೋದು ಬೇಡ. ಆಮೇಲೆ ಎರಡು ಸೇಬು ತುಂಡು ಮಾಡಿ ಹಾಕಿ ಮೂರ್ನಾಲ್ಕು ನಿಮಿಷ. ಸೇಜ್ ಮತ್ತು ಥೈಮ್ ಸೊಪ್ಪು, ಉಪ್ಪು, ಕಾಳುಮೆಣಸಿನ ಪುಡಿ. ಇದನ್ನೆಲ್ಲ ಒಣಗಿದ ಬ್ರೆಡ್‌ಗೆ ಸೇರಿಸಿ, ಅರ್ಧ ಕಪ್ ಒಣ ಕ್ರ್ಯಾನ್‌ಬೆರಿ ಉದುರಿಸಿ. ಎರಡು ಮೊಟ್ಟೆ ಕದಡಿದ ಎರಡೂವರೆ ಕಪ್ ಬ್ರಾತ್ ಇಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಹಾಕಬೇಕು. ಹತ್ತು ನಿಮಿಷ ಬಿಟ್ಟು ಒಂದು ತುಂಡು ಹಿಸುಕಿ ನೋಡಿ. ಒದ್ದೆಯಾಗಿರಬೇಕು, ಪಾತ್ರೆಯ ತಳದಲ್ಲಿ ನೀರು ನಿಲ್ಲಬಾರದು. 175 ಡಿಗ್ರಿಯಲ್ಲಿ ಮುಚ್ಚಿ ಅರ್ಧ ಗಂಟೆ, ಮುಚ್ಚಳ ತೆಗೆದು ಕಾಲು ಗಂಟೆ.

ಹಣ್ಣು ಯಾಕೆ ಅಂತೀರಾ? ಬೆಣ್ಣೆ, ಬ್ರೆಡ್ ಎರಡೂ ಸೇರಿದರೆ ನಾಲ್ಕು ತುತ್ತಿಗೇ ಸಾಕಾಗುತ್ತೆ. ಹುಳಿ ಬಿದ್ದರೆ ತಿನ್ನಬಹುದು. ಹಾಗಾಗಿ ಗ್ರಾನಿ ಸ್ಮಿತ್ ತರದ ಹುಳಿ ಹಸಿರು ಸೇಬೇ ಮೇಲು, ಅದು ಬೆಂದರೂ ಕರಗಿಹೋಗಲ್ಲ. ಕ್ರ್ಯಾನ್‌ಬೆರಿ ಉತ್ತರ ಅಮೆರಿಕದ್ದೇ ಹಣ್ಣು. ಹಸಿಯದು ನಮ್ಮ ಕರಂಡೆ ಕಾಯಿಯಷ್ಟು ಹುಳಿ, ಒಣಗಿಸಿದ್ದಕ್ಕೆ ಸಕ್ಕರೆ ಸೇರಿಸಿರ್ತಾರೆ.

ಇನ್ನು ಕೋಳಿಯೊಳಗೆ ತುಂಬಿ ಬೇಯಿಸೋರಿಗೆ ಒಂದು ಎಚ್ಚರಿಕೆ. ಹಸಿ ಕೋಳಿಯ ರಸ ಬ್ರೆಡ್‌ಗೆ ಇಳಿಯುತ್ತೆ, ಕೋಳಿ ಬೆಂದರೂ ಹೊಟ್ಟೆಯ ನಡುಭಾಗಕ್ಕೆ ಬಿಸಿ ತಲುಪೋದು ತಡ. ಅರೆಬೆಂದರೆ ಹೊಟ್ಟೆ ಕೆಡೋದು ಖಂಡಿತ ಅಂತಲ್ಲ, ಆದರೆ ಸಾಲ್ಮೊನೆಲ್ಲಾ ತರದ ರೋಗಾಣು ಉಳಿಯುವ ಅಪಾಯ ಇದೆ. ಸ್ಟಫಿಂಗ್‌ನ ನಡುಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು, ಬೇರೆ ಪಾತ್ರೆಯಲ್ಲಿ ಮಾಡೋದೇ ಸುರಕ್ಷಿತ ಅನ್ನೋದು ಅಲ್ಲಿನ ಕೃಷಿ ಇಲಾಖೆಯ ಸಲಹೆ. ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಡಬೇಕು.

ಏನು ಕೇಳಬೇಕು?

‘ಇದು ವೆಜಿಟೇರಿಯನ್ನಾ?’ ಅಂತಷ್ಟೇ ಕೇಳಿದರೆ, ಮಾಂಸ ಹಾಕಿಲ್ಲವಲ್ಲ ಅಂತ ಒಳ್ಳೇ ಮನಸ್ಸಿನಿಂದಲೇ ‘ಯೆಸ್’ ಅಂದುಬಿಡಬಹುದು. ‘ಯಾವ ಬ್ರಾತ್ ಹಾಕಿದ್ದು? ಕೋಳಿಯೊಳಗೆ ಬೇಯಿಸಿದ್ದಾ, ಬೇರೆ ಪಾತ್ರೆಯಲ್ಲಾ? ಮೊಟ್ಟೆ ಇದೆಯಾ?’ ಅಂತ ಬಿಡಿಸಿ ಕೇಳಿ. ಊಟದ ಅಲರ್ಜಿ ವಿಚಾರಿಸಿಕೊಳ್ಳೋದು ಅಲ್ಲಿ ಮಾಮೂಲು, ಯಾರೂ ತಪ್ಪು ತಿಳಿಯಲ್ಲ. ಮಗನಿಗೋ ಸೊಸೆಗೋ ಹೇಳಿ ಹಿಂದಿನ ದಿನವೇ ಕೇಳಿಸಿದರೆ ಇನ್ನೂ ಸಲೀಸು, ತರಕಾರಿ ಬ್ರಾತ್ ಹಾಕಿ ಒಂದು ಸಣ್ಣ ಪಾತ್ರೆ ಬೇರೆ ಮಾಡೋದು ಅವರಿಗೂ ಕಷ್ಟವಲ್ಲ. ಗ್ರೇವಿ ಕೂಡ ಸಾಮಾನ್ಯವಾಗಿ ಟರ್ಕಿಯ ರಸದ್ದೇ. ಸಿಹಿಗೆಣಸಿನ ಮೇಲೆ ಬಿಳಿ ಮಾರ್ಷ್‌ಮ್ಯಾಲೋ ಇದ್ದರೆ ಅದರಲ್ಲಿ ಪ್ರಾಣಿಜನ್ಯ ಜೆಲಟಿನ್ ಇರುತ್ತೆ. ಕ್ರ್ಯಾನ್‌ಬೆರಿ ಸಾಸ್‌ಗೆ ಅಷ್ಟು ಹೆದರಬೇಕಿಲ್ಲ.

ಇಲ್ಲೇ ಮನೆಯಲ್ಲಿ ಮಾಡಿ ನೋಡೋ ಮನಸ್ಸಿದ್ದರೆ ಬ್ರಾತ್ ಬದಲು ಈರುಳ್ಳಿ, ಕ್ಯಾರೆಟ್, ಕಾಳುಮೆಣಸು ಕುದಿಸಿ ಸೋಸಿದ ನೀರು ಸಾಕು. ಮೊಟ್ಟೆ ಬಿಡಬಹುದು, ಸ್ವಲ್ಪ ಬಿಡಿಬಿಡಿಯಾಗಿರುತ್ತೆ. ಸೆಲರಿ ಸಿಗದಿದ್ದರೆ ಈರುಳ್ಳಿ ಜಾಸ್ತಿ ಮಾಡಿ. ಸೇಜ್, ಥೈಮ್ ಇಲ್ಲದಿದ್ದರೆ ಹಿತ್ತಲಿನ ದೊಡ್ಡಪತ್ರೆ ಎರಡೇ ಎಲೆ ಸಣ್ಣಗೆ ಹೆಚ್ಚಿ ಹಾಕಿ. ಅದರ ಘಾಟು ಜೋರು, ಹೆಚ್ಚಾದರೆ ಕಷಾಯದ ನೆನಪಾಗುತ್ತೆ. ಓವನ್ ಇಲ್ಲದವರು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬ್ರೆಡ್ ಒಣಗಿಸಿಕೊಂಡು, ಅದರಲ್ಲೇ ಮುಚ್ಚಿ ಬೇಯಿಸಬಹುದು. ಮೇಲ್ಭಾಗ ಕೆಂಪಾಗಲ್ಲ. ತಳದ ಸೀಕಲನ್ನು ಕೆರೆದು ಮಕ್ಕಳಿಗೆ ಕೊಡಿ.