ತಪಾಸಣೆಗೆ ಬಿಟ್ಟ ಕಾರು, ಕೈಗೆ ಬಂದ ಬಿಲ್ಲು

(ಕನ್ನಡ ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲೇಖನರೂಪ)



ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನಮಗೆ ಕಾರಿಲ್ಲದೆ ದಿನ ಸಾಗದು. ಕೆಲಸ, ಮಕ್ಕಳ ಶಾಲೆ, ದೇವಸ್ಥಾನ, ಈ ಕೂಟದ ಸಭೆ, ಎಲ್ಲಕ್ಕೂ ಅದೇ ಆಧಾರ. ಸ್ವಲ್ಪ ಹಳೆಯದಾದ ಕಾರಿನ ನೋಂದಣಿಯನ್ನು ನವೀಕರಿಸಲು ಮೋಟಾರು ವಾಹನ ಇಲಾಖೆ ಕಳುಹಿಸುವ ಕಾಗದದಲ್ಲಿ ಎರಡು ವರ್ಷಕ್ಕೊಮ್ಮೆ ಒಂದು ಸೂಚನೆ ಹೆಚ್ಚಾಗಿರುತ್ತದೆ: ಹೊಗೆಯ ತಪಾಸಣೆ, ಅಂದರೆ ಸ್ಮಾಗ್ ಚೆಕ್, ಆಗಬೇಕು. ಅರ್ಧ ಗಂಟೆಯ ಕೆಲಸವೆಂದು ಹೋದವರು ಸಂಜೆ ನೂರಾರು ಡಾಲರಿನ ಬಿಲ್ಲು ಹಿಡಿದು ಬಂದ ಕಥೆಗಳನ್ನು ನಮ್ಮ ಮನೆಗಳ ಊಟದ ಕೂಟಗಳಲ್ಲಿ ಆಗಾಗ ಕೇಳುತ್ತೇವೆ. ಕೇಳಿ ಮರುಗಿ ಅಷ್ಟಕ್ಕೇ ಬಿಡುತ್ತೇವೆ. ಇಂಥ ವಿವಾದ ಏಕೆ ಹುಟ್ಟುತ್ತದೆ, ಈ ರಾಜ್ಯದ ಕಾನೂನು ಏನು ಹೇಳುತ್ತದೆ, ನಾವು ಏನು ಮಾಡಬಹುದು ಎಂಬ ಮೂರು ಪ್ರಶ್ನೆಗಳನ್ನು ಇಂದು ವಿಚಾರಿಸೋಣ.

ತಪಾಸಣೆ ಬಂದ ಬಗೆ

ಲಾಸ್ ಏಂಜಲೀಸ್ ನಗರದ ಮೇಲೆ ಕವಿಯುತ್ತಿದ್ದ ಕಂದು ಮಬ್ಬಿನ ಕಾರಣವನ್ನು 1950ರ ದಶಕದ ಆರಂಭದಲ್ಲಿ ಬಿಡಿಸಿ ತೋರಿಸಿದವರು ಕ್ಯಾಲ್‌ಟೆಕ್ ಸಂಸ್ಥೆಯ ರಸಾಯನ ವಿಜ್ಞಾನಿ ಹಾಗೆನ್ ಸ್ಮಿಟ್. ಕಾರುಗಳ ಹೊಗೆಯಲ್ಲಿರುವ ಹೈಡ್ರೋಕಾರ್ಬನ್‌ಗಳೂ ನೈಟ್ರೋಜನ್ ಆಕ್ಸೈಡ್‌ಗಳೂ ಬಿಸಿಲಿನಲ್ಲಿ ಕೂಡಿ ಓಝೋನ್ ಅನಿಲವಾಗುತ್ತವೆ. ಕಣ್ಣುರಿಸುವ, ಎದೆ ಬಿಗಿಯುವಂತೆ ಮಾಡುವ ಮಬ್ಬಿಗೆ ಅದು ಮುಖ್ಯ ಕಾರಣ. ಈ ಅರಿವಿನಿಂದ ಬೆಳೆದ ಹಲವು ಕ್ರಮಗಳಲ್ಲಿ 1984ರಲ್ಲಿ ಆರಂಭವಾದ ಸ್ಮಾಗ್ ಚೆಕ್ ಒಂದು. ಆದುದರಿಂದ ತಪಾಸಣೆಯನ್ನು ಕೇವಲ ಸರಕಾರದ ಕಿರುಕುಳವೆಂದು ಬಗೆಯುವುದು ಸರಿಯಲ್ಲ. ನಮ್ಮ ಮಕ್ಕಳು ಉಸಿರಾಡುವ ಗಾಳಿಯ ಪ್ರಶ್ನೆ ಅದರಲ್ಲಿದೆ.

ತೊಡಕು ಇರುವುದು ತಪಾಸಣೆಯನ್ನು ಯಾರು ಮಾಡಬೇಕೆಂಬಲ್ಲಿ. ಕಾರಿನ ದೋಷವನ್ನು ಹುಡುಕುವವನೇ ಅದನ್ನು ರಿಪೇರಿ ಮಾಡಿ ಹಣ ಪಡೆಯುವವನೂ ಆದರೆ ಅವನ ಕಣ್ಣಿಗೆ ದೋಷಗಳು ಹೆಚ್ಚಾಗಿ ಬೀಳುವ ಸಂಭವವಿದೆ. 1990ರಲ್ಲಿ ಕೇಂದ್ರದ ಶುದ್ಧ ವಾಯು ಕಾನೂನು ತಿದ್ದುಪಡಿಯಾದ ಮೇಲೆ ತಪಾಸಣೆ ಬೇರೆ, ರಿಪೇರಿ ಬೇರೆ ಆಗಲೆಂದು ಕೇಂದ್ರದ ಪರಿಸರ ಸಂಸ್ಥೆ ಒತ್ತಾಯಿಸಿತು. ಸಾವಿರಾರು ಸಣ್ಣ ಗ್ಯಾರೇಜುಗಳಿದ್ದ ಕ್ಯಾಲಿಫೋರ್ನಿಯಾ ಅದನ್ನು ಪೂರ್ತಿಯಾಗಿ ಒಪ್ಪಲಿಲ್ಲ. 1994ರ ಕಾನೂನುಗಳ ಮೂಲಕ ನಡುದಾರಿಯೊಂದು ಹುಟ್ಟಿತು: ಕೇವಲ ತಪಾಸಣೆ ಮಾಡುವ ಕೇಂದ್ರಗಳು, ಮತ್ತು ತಪಾಸಣೆ, ರಿಪೇರಿ ಎರಡನ್ನೂ ಮಾಡುವ ಕೇಂದ್ರಗಳು. ಇಂದಿಗೂ ಈ ಎರಡೂ ಬಗೆಗಳಿವೆ. ನಮ್ಮ ಮೊದಲ ಆಯ್ಕೆ ಇಲ್ಲೇ ಇದೆ. ತಪಾಸಣೆ ಮಾತ್ರ ಮಾಡುವ ಕೇಂದ್ರಕ್ಕೆ ನಮ್ಮ ಕಾರು ಸೋತರೂ ಗೆದ್ದರೂ ಲಾಭದಲ್ಲಿ ವ್ಯತ್ಯಾಸವಿಲ್ಲ.

ಬಿಲ್ಲು ಬೆಳೆಯುವ ಬಗೆ

ರಿಪೇರಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕೂಲಿಯನ್ನು ಗಡಿಯಾರ ನೋಡಿ ಲೆಕ್ಕ ಹಾಕುವುದಿಲ್ಲ. ಯಾವ ಕೆಲಸಕ್ಕೆ ಎಷ್ಟು ಗಂಟೆ ಎಂದು ಹೇಳುವ ಕೈಪಿಡಿಗಳಿವೆ. ಕೈಪಿಡಿಯಲ್ಲಿ ಮೂರು ಗಂಟೆಯೆಂದಿದ್ದು ಚುರುಕಾದ ಮೆಕ್ಯಾನಿಕ್ ಎರಡೇ ಗಂಟೆಯಲ್ಲಿ ಮುಗಿಸಿದರೂ ನಾವು ಮೂರು ಗಂಟೆಯ ಕೂಲಿ ಕೊಡುತ್ತೇವೆ. ಒಪ್ಪಿದ ಎಸ್ಟಿಮೇಟಿನೊಳಗೇ ಇದ್ದರೆ ಇದು ಮೋಸವಲ್ಲ. ಈ ಕಸುಬಿನ ರೂಢಿ. ಅನೇಕ ಜಗಳಗಳು ಈ ರೂಢಿ ತಿಳಿಯದೆ ಹುಟ್ಟುತ್ತವೆ.

ಎರಡನೆಯದು, ಮಾರಾಟಕ್ಕೆ ತಕ್ಕ ಕಮಿಷನ್. ಕೌಂಟರಿನಲ್ಲಿ ನಮ್ಮನ್ನು ನಗುನಗುತ್ತ ಮಾತನಾಡಿಸುವ ಸಲಹೆಗಾರನಿಗೆ ಹೆಚ್ಚು ಕೆಲಸ ಒಪ್ಪಿಸಿದಷ್ಟೂ ಹೆಚ್ಚು ಸಂಬಳ ಸಿಗುವ ಪದ್ಧತಿ ಹಲವೆಡೆ ಇದೆ. ಇದರ ಫಲವೇನೆಂಬುದು 1992ರಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಆ ವರ್ಷದ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಗ್ರಾಹಕ ವ್ಯವಹಾರ ಇಲಾಖೆ ಸಿಯರ್ಸ್ ಕಂಪನಿಯ 72 ಕಾರು ರಿಪೇರಿ ಕೇಂದ್ರಗಳ ಪರವಾನಗಿ ರದ್ದುಪಡಿಸಲು ಹೊರಟಿತು. ಇಲಾಖೆಯವರು ಗ್ರಾಹಕರ ವೇಷದಲ್ಲಿ 38 ಸಲ ಕಾರು ಒಯ್ದಾಗ 34 ಸಲ ಬೇಡದ ಕೆಲಸವನ್ನು ಅವರ ತಲೆಗೆ ಕಟ್ಟಲಾಗಿತ್ತೆಂಬುದು ಆರೋಪ. ಕಂಪನಿ ಸಲಹೆಗಾರರ ಕಮಿಷನ್ ಪದ್ಧತಿಯನ್ನು ಕೈಬಿಟ್ಟಿತು. ಅದೇ ವರ್ಷ ರಾಜಿಯಾಗಿ ಗ್ರಾಹಕರಿಗೆ 50 ಡಾಲರಿನ ಕೂಪನ್‌ಗಳನ್ನು ಕೊಡಲು ಒಪ್ಪಿತು. ಒಬ್ಬಿಬ್ಬರು ಕೆಟ್ಟವರಿಂದ ಮಾತ್ರ ಹೀಗಾಗುವುದಿಲ್ಲ, ಸಂಬಳದ ಪದ್ಧತಿಯೇ ಒಳ್ಳೆಯವರನ್ನೂ ಆ ದಾರಿಗೆ ತಳ್ಳಬಲ್ಲದು ಎಂಬ ಪಾಠ ಅದರಲ್ಲಿತ್ತು.

ಮೂರನೆಯ ಕಾರಣ ನಮ್ಮೊಳಗೇ ಇದೆ. ಬೆಂಗಳೂರಿನ ಜೆ. ಸಿ. ರಸ್ತೆಯಲ್ಲೋ ನಮ್ಮೂರ ಗ್ಯಾರೇಜಿನಲ್ಲೋ ಮೆಕ್ಯಾನಿಕ್ಕಿನ ಪಕ್ಕದಲ್ಲಿ ನಿಂತು, ಬಿಚ್ಚಿದ ಭಾಗವನ್ನು ಕಣ್ಣಾರೆ ಕಂಡು, ಬಾಯಿಮಾತಿನಲ್ಲಿ ಬೆಲೆ ತೀರ್ಮಾನಿಸಿ ಬೆಳೆದವರು ನಾವು. ಇಲ್ಲಿ ಕಾರು ಒಳಗೆ ಹೋಗುತ್ತದೆ, ನಾವು ಹೊರಗೆ ಉಳಿಯುತ್ತೇವೆ, ಮಾತು ಫೋನಿನಲ್ಲಿ ನಡೆಯುತ್ತದೆ. ಅವನು ಹೇಳುತ್ತ ಹೋದಂತೆ ನಾವು “ಓಕೆ, ಓಕೆ” ಎನ್ನುತ್ತೇವೆ. ನಮ್ಮ ಮನಸ್ಸಿನಲ್ಲಿ ಅದು ಊರಿನ “ಹೂಂ, ಹೂಂ” ಇದ್ದಂತೆ. ಕೇಳಿಸಿಕೊಳ್ಳುತ್ತಿದ್ದೇನೆ ಎಂದಷ್ಟೇ ಅರ್ಥ. ಅವನ ಕಿವಿಗೆ ಅದು ಒಪ್ಪಿಗೆ. ಈ ಒಂದು ಪದದಿಂದ ನಮ್ಮವರು ಕಳೆದುಕೊಳ್ಳುವ ಹಣ ಸಣ್ಣದಲ್ಲ.

ಕಾನೂನು ಹೇಳುವುದೇನು?

1971ರ ವಾಹನ ರಿಪೇರಿ ಕಾನೂನಿನಂತೆ ಸ್ಥಾಪಿತವಾದ ಬ್ಯೂರೋ ಆಫ್ ಆಟೋಮೋಟಿವ್ ರಿಪೇರ್ ಎಂಬ ಸರಕಾರಿ ಸಂಸ್ಥೆ ಈ ರಾಜ್ಯದ ರಿಪೇರಿ ಅಂಗಡಿಗಳನ್ನು ನೋಂದಾಯಿಸಿಕೊಂಡು ಅವುಗಳ ಮೇಲೆ ಕಣ್ಣಿಡುತ್ತದೆ. ಆ ಕಾನೂನಿನ ಮುಖ್ಯ ವಿಧಿಗಳನ್ನು ಮನೆಯವರೆಲ್ಲರೂ ತಿಳಿದಿರಬೇಕು.

ಒಂದು: ಕೆಲಸ ಆರಂಭಿಸುವ ಮೊದಲು ಬಿಡಿಭಾಗ ಮತ್ತು ಕೂಲಿಯ ಅಂದಾಜನ್ನು ಬರೆದುಕೊಡಬೇಕು. ಗ್ರಾಹಕರ ಒಪ್ಪಿಗೆಗೆ ಮುನ್ನ ಯಾವ ಕೆಲಸವನ್ನೂ ಮಾಡಕೂಡದು, ಯಾವ ಹಣವೂ ಲೆಕ್ಕಕ್ಕೆ ಬಾರದು. ತಪಾಸಣೆಗೂ ಈ ನಿಯಮ ಅನ್ವಯಿಸುತ್ತದೆ.

ಎರಡು: ಅಂದಾಜನ್ನು ಮೀರುವ ಪ್ರಸಂಗ ಬಂದರೆ ಮುಂಚಿತವಾಗಿ ಮತ್ತೆ ಒಪ್ಪಿಗೆ ಪಡೆಯಬೇಕು. ಫೋನಿನಲ್ಲಿ ಒಪ್ಪಿಗೆ ಪಡೆದರೆ ದಿನಾಂಕ, ವೇಳೆ, ಒಪ್ಪಿದವರ ಹೆಸರು, ಕರೆ ಮಾಡಿದ ಸಂಖ್ಯೆ, ಹೆಚ್ಚಿನ ಕೆಲಸದ ವಿವರ ಮತ್ತು ಅದರ ಬೆಲೆ, ಇಷ್ಟನ್ನೂ ವರ್ಕ್ ಆರ್ಡರಿನ ಮೇಲೆ ಬರೆಯಬೇಕು.

ಮೂರು: ದೋಷ ಕಂಡುಹಿಡಿಯಲು ಎಂಜಿನ್ ಮುಂತಾದುವನ್ನು ಬಿಚ್ಚಬೇಕಾದರೆ, ಬಿಚ್ಚುವ ಬೆಲೆಯ ಜೊತೆಗೆ ಮತ್ತೆ ಜೋಡಿಸುವ ಬೆಲೆಯನ್ನೂ ಮೊದಲೇ ಬರೆದು ತಿಳಿಸಬೇಕು. ಇಲ್ಲವಾದರೆ ಬಿಚ್ಚಿಟ್ಟ ಕಾರಿನ ಮುಂದೆ ನಮಗೆ ಆಯ್ಕೆಯೇ ಇರುವುದಿಲ್ಲ.

ನಾಲ್ಕು: ಕೆಲಸ ಒಪ್ಪಿಸುವಾಗಲೇ ಕೇಳಿಕೊಂಡರೆ ತೆಗೆದ ಹಳೆಯ ಭಾಗಗಳನ್ನು ಹಿಂದಿರುಗಿಸಬೇಕು. ವಾರಂಟಿಯಂತೆ ತಯಾರಕರಿಗೆ ಮರಳಿಸಬೇಕಾದಂಥ ಕೆಲವಕ್ಕೆ ಮಾತ್ರ ವಿನಾಯಿತಿಯಿದೆ. ಬಿಲ್ಲು ಬಂದ ಮೇಲೆ ಕೇಳುವುದು ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಐದು: ಅಂತಿಮ ಬಿಲ್ಲಿನಲ್ಲಿ ಮಾಡಿದ ಕೆಲಸವನ್ನೂ ಹಾಕಿದ ಭಾಗಗಳನ್ನೂ ವಿವರಿಸಬೇಕು. ಬಳಸಿದ ಅಥವಾ ದುರಸ್ತಿಗೊಳಿಸಿದ ಭಾಗ ಹಾಕಿದ್ದರೆ ಅದನ್ನು ಸ್ಪಷ್ಟವಾಗಿ ನಮೂದಿಸಬೇಕು.

ಸ್ಮಾಗ್ ಚೆಕ್ಕಿನ ವಿಷಯದಲ್ಲಿ ಇನ್ನೊಂದು ಮಾತು. ತಪಾಸಣೆಯ ದರವನ್ನು ರಾಜ್ಯ ನಿಗದಿಪಡಿಸಿಲ್ಲ. ಅಂಗಡಿಯಿಂದ ಅಂಗಡಿಗೆ ಅದು ಬೇರೆ. ಕಾರು ತೇರ್ಗಡೆಯಾದಾಗ ನೀಡುವ ಪ್ರಮಾಣಪತ್ರದ ಶುಲ್ಕ ಮಾತ್ರ 8 ಡಾಲರ್ 25 ಸೆಂಟ್. ಕಾರು ಸೋತರೆ ಅಲ್ಲೇ ರಿಪೇರಿ ಮಾಡಿಸಬೇಕೆಂಬ ಕಟ್ಟಳೆ ಇಲ್ಲ. ವರದಿಯನ್ನು ಪಡೆದು ನಮಗೆ ನಂಬಿಕೆಯಿರುವ ಬೇರೆ ಅಂಗಡಿಗೆ ಹೋಗಬಹುದು.

ಸೋತಿತೆಂದರೆ ಕೆಟ್ಟಿತೆಂದಲ್ಲ

1996ರಿಂದ ಈಚಿನ ಕಾರುಗಳು ತಮ್ಮ ದೋಷವನ್ನು ತಾವೇ ಪರೀಕ್ಷಿಸಿಕೊಳ್ಳುವ ಕಂಪ್ಯೂಟರನ್ನು ಹೊಂದಿವೆ. ಬ್ಯಾಟರಿ ಬದಲಾಯಿಸಿದರೆ ಈ ಸ್ವಯಂ ಪರೀಕ್ಷೆಗಳ ನೆನಪು ಅಳಿಸಿಹೋಗುತ್ತದೆ. ಮರುದಿನವೇ ಸ್ಮಾಗ್ ಚೆಕ್ಕಿಗೆ ಒಯ್ದರೆ ಪರೀಕ್ಷೆ ಪೂರ್ಣಗೊಂಡಿಲ್ಲವೆಂದು ಕಾರು ಸೋಲಬಹುದು. ಇಲ್ಲಿ ಬೇಕಾದುದು ಹೊಸ ಸೆನ್ಸರಲ್ಲ. ಕೆಲವು ದಿನ ಊರಿನ ರಸ್ತೆಯಲ್ಲೂ ಹೆದ್ದಾರಿಯಲ್ಲೂ ಓಡಿಸುವುದು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲವಾಗಿದ್ದರೂ ಎಂಜಿನ್ನಿನ ಎಚ್ಚರಿಕೆ ದೀಪ ಹತ್ತಬಹುದು.

ವಾರಂಟಿಯನ್ನೂ ನೋಡಿಕೊಳ್ಳಬೇಕು. ಕಾರಿನ ಸಾಮಾನ್ಯ ವಾರಂಟಿ ಮುಗಿದಿದ್ದರೂ ಹೊಗೆ ನಿಯಂತ್ರಣದ ಭಾಗಗಳಿಗೆ ಬೇರೆ ವಾರಂಟಿ ಉಂಟು. ಕೇಂದ್ರದ ಕಾನೂನಿನಂತೆ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಎಂಜಿನ್ ಕಂಪ್ಯೂಟರಿಗೆ ಅದು 8 ವರ್ಷ ಅಥವಾ 80,000 ಮೈಲಿ. ನಮ್ಮಲ್ಲಿ ಹಲವರ ಬಳಿ ಇರುವ ಹಳೆಯ ಪ್ರಿಯಸ್‌ನಂಥ, ಪಿ.ಝಡ್.ಇ.ವಿ. ವರ್ಗದ ಕಾರುಗಳಿಗೆ ಕ್ಯಾಲಿಫೋರ್ನಿಯಾದಲ್ಲಿ 15 ವರ್ಷ ಅಥವಾ 1,50,000 ಮೈಲಿಯ ಹೊಗೆ ವಾರಂಟಿಯಿದೆ. ಯಾವ ವರ್ಗವೆಂಬುದು ಎಂಜಿನ್ನಿನ ಮೇಲ್ಮುಚ್ಚಳದ ಒಳಗಿನ ಚೀಟಿಯಲ್ಲಿರುತ್ತದೆ. ಹಣ ಕೊಡುವ ಮೊದಲು ಆ ಚೀಟಿಯನ್ನೂ ವಾರಂಟಿ ಪುಸ್ತಕವನ್ನೂ ಓದುವುದು ಲೇಸು.

ಒಂದು ಕಲ್ಪಿತ ಉದಾಹರಣೆ

ಒಬ್ಬರು ಹಳೆಯ ಕ್ಯಾಮ್ರಿಯನ್ನು ತಪಾಸಣೆಗೆ ಬಿಟ್ಟರೆಂದುಕೊಳ್ಳೋಣ. ಅಂದಾಜಿನಲ್ಲಿ ತಪಾಸಣೆ ಮತ್ತು ಪ್ರಮಾಣಪತ್ರ ಸೇರಿ 68 ಡಾಲರ್. ಸಂಜೆಯ ಬಿಲ್ಲು ಹೀಗಿದೆ: ತಪಾಸಣೆ, ಪ್ರಮಾಣಪತ್ರ 68, ದೋಷ ಪತ್ತೆ 150, ಆಕ್ಸಿಜನ್ ಸೆನ್ಸರ್ 210, ಕೂಲಿ 240, ಚಿಲ್ಲರೆ ಸಾಮಗ್ರಿ 12. ತೆರಿಗೆ ಬಿಟ್ಟು ಒಟ್ಟು 680 ಡಾಲರ್.

ಇಲ್ಲಿ “ದರ ವಿಪರೀತ” ಎಂದು ವಾದಿಸಿದರೆ ವಾದ ಮುಗಿಯುವುದಿಲ್ಲ, ಏಕೆಂದರೆ ದರ ಇಷ್ಟೇ ಇರಬೇಕೆಂದು ಕಾನೂನು ಹೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಉಳಿದ 612 ಡಾಲರಿಗೆ ಒಪ್ಪಿಗೆ ಎಲ್ಲಿದೆ? ವರ್ಕ್ ಆರ್ಡರಿನಲ್ಲಿ ಸಹಿಯೂ ಇಲ್ಲ, ಕರೆಯ ದಾಖಲೆಯೂ ಇಲ್ಲ ಎಂದಾದರೆ ಗ್ರಾಹಕರ ಪಕ್ಷ ಗಟ್ಟಿ. ಅವರು ಫೋನಿನಲ್ಲಿ ಬೆಲೆ ಕೇಳಿ ಒಪ್ಪಿದ್ದು ಅಲ್ಲಿ ದಾಖಲಾಗಿದ್ದರೆ ಅಂಗಡಿಯವರ ಪಕ್ಷ ಗಟ್ಟಿ. ಆಗ ಉಳಿಯುವುದು ಆ ಸೆನ್ಸರ್ ನಿಜವಾಗಿ ಕೆಟ್ಟಿತ್ತೇ ಎಂಬ ಪ್ರಶ್ನೆ. ಅದಕ್ಕೆ ಹಳೆಯ ಭಾಗವೂ ತಪಾಸಣೆಯ ವರದಿಯೂ ಸಾಕ್ಷಿ.

ಹಣ ಕೊಡುವ ಹೊತ್ತು

ವಿವಾದವಿದ್ದರೂ ಕಾರು ಅವರ ಅಂಗಳದಲ್ಲಿದೆ, ಬೆಳಗ್ಗೆ ಕೆಲಸಕ್ಕೆ ಹೋಗಬೇಕು. ಈ ಇಕ್ಕಟ್ಟೇ ಅಂಗಡಿಯವರ ಬಲ. ಒಪ್ಪಿ ಮಾಡಿಸಿದ ಕೆಲಸದ ಹಣ ಬಾರದಿದ್ದರೆ ಕಾರನ್ನು ಇಟ್ಟುಕೊಳ್ಳುವ ಹಕ್ಕನ್ನು ಕಾನೂನು ನೋಂದಾಯಿತ ಅಂಗಡಿಗೆ ಕೊಟ್ಟಿದೆ. ನೋಂದಣಿಯಿಲ್ಲದ ಅಂಗಡಿಗೆ ಆ ಹಕ್ಕಿಲ್ಲ. ಇನ್ನೊಂದು ಬೀಗದ ಕೈಯಿಂದ ಕಾರನ್ನು ಸದ್ದಿಲ್ಲದೆ ತರುವುದಾಗಲಿ, ಚೆಕ್ ಕೊಟ್ಟು ಮನೆಗೆ ಬಂದು ತಡೆಹಿಡಿಯುವುದಾಗಲಿ ಅಪಾಯದ ದಾರಿ.

ಧ್ವನಿ ಏರಿಸದೆ ಮ್ಯಾನೇಜರನ್ನು ಕಂಡು, ವಿವಾದದ ಸಾಲುಗಳನ್ನು ಗುರುತಿಸಿ ತೋರಿಸುವುದು ಮೊದಲ ಹೆಜ್ಜೆ. ಅದು ಫಲಿಸದಿದ್ದರೆ ಬಿಲ್ಲಿನ ಮೇಲೆ “ಆಕ್ಷೇಪಣೆಯೊಡನೆ ಪಾವತಿ” ಎಂಬರ್ಥದ ಮಾತನ್ನು ಇಂಗ್ಲಿಷಿನಲ್ಲಿ ಬರೆದು, ಕ್ರೆಡಿಟ್ ಕಾರ್ಡಿನಿಂದ ಹಣ ಕೊಟ್ಟು ಕಾರನ್ನು ಬಿಡಿಸಿಕೊಳ್ಳಬಹುದು. 1974ರ ಕೇಂದ್ರ ಕಾನೂನಿನಂತೆ, ತಪ್ಪು ಲೆಕ್ಕವಿರುವ ಮೊದಲ ಸ್ಟೇಟ್‌ಮೆಂಟ್ ಕಳುಹಿಸಿದ 60 ದಿನದೊಳಗೆ ಕಾರ್ಡ್ ಕಂಪನಿಗೆ ಪತ್ರ ಮುಟ್ಟಿದರೆ ಅವರು 30 ದಿನದಲ್ಲಿ ಸ್ವೀಕೃತಿ ತಿಳಿಸಿ, ಹೆಚ್ಚೆಂದರೆ 90 ದಿನದಲ್ಲಿ ತೀರ್ಮಾನಿಸಬೇಕು. ಡೆಬಿಟ್ ಕಾರ್ಡಿಗೂ ನಗದಿಗೂ ಈ ಕಾನೂನಿನ ರಕ್ಷಣೆಯಿಲ್ಲ.

ಬಳಿಕ ಬ್ಯೂರೋಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ಅಧಿಕಾರಿಗಳು ಎರಡೂ ಕಡೆಯವರನ್ನು ಕೇಳಿ ರಾಜಿಗೆ ಯತ್ನಿಸುತ್ತಾರೆ. ಹಣ ಹಿಂದಿರುಗಿಸೆಂದು ಬಲವಂತ ಮಾಡುವ ಅಧಿಕಾರ ಅವರಿಗಿಲ್ಲ, ಆದರೆ ಅಂಗಡಿಯ ನೋಂದಣಿಯ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರವಿದೆ. ಕೊನೆಯದಾಗಿ ಸ್ಮಾಲ್ ಕ್ಲೇಮ್ಸ್ ನ್ಯಾಯಾಲಯ. 2024ರಿಂದ ವ್ಯಕ್ತಿಯೊಬ್ಬರು ಅಲ್ಲಿ 12,500 ಡಾಲರಿನವರೆಗೆ ದಾವೆ ಹೂಡಬಹುದು. ವಿಚಾರಣೆಯಲ್ಲಿ ವಕೀಲರಿಗೆ ವಾದಿಸಲು ಅವಕಾಶವಿಲ್ಲ. ಕಾಗದಗಳೇ ಅಲ್ಲಿ ಮಾತನಾಡುತ್ತವೆ.

ಬೇರೆ ರಾಜ್ಯಗಳ ಬಂಧುಗಳು ತಮ್ಮ ನಿಯಮಗಳನ್ನು ವಿಚಾರಿಸಿಕೊಳ್ಳಬೇಕು. ನ್ಯೂಜೆರ್ಸಿಯ ಸರಕಾರಿ ಕೇಂದ್ರಗಳಲ್ಲಿ ತಪಾಸಣೆ ಉಚಿತ. ಟೆಕ್ಸಸ್ 2025ರ ಜನವರಿಯಿಂದ ಖಾಸಗಿ ಕಾರುಗಳ ಸುರಕ್ಷತಾ ತಪಾಸಣೆಯನ್ನು ಕೈಬಿಟ್ಟಿದೆ, ಆದರೆ ಕೆಲವು ಕೌಂಟಿಗಳಲ್ಲಿ ಹೊಗೆ ತಪಾಸಣೆ ಇದೆ.

ಬಂಧುಗಳೇ, ಎಲ್ಲ ಮೆಕ್ಯಾನಿಕ್ಕುಗಳೂ ಮೋಸಗಾರರಲ್ಲ. ಅವರಲ್ಲೂ ನಮ್ಮಂತೆ ಹೊರದೇಶದಿಂದ ಬಂದು ಕೈಕೆಲಸದಿಂದ ಸಂಸಾರ ನಡೆಸುವವರು ಅನೇಕರಿದ್ದಾರೆ. ಬರೆದು ಕೊಡಿ ಎಂದು ಕೇಳುವುದು ಅವರಿಗೆ ಅವಮಾನವಲ್ಲ. ಪ್ರಾಮಾಣಿಕನಿಗೆ ಆ ಬರಹವೇ ರಕ್ಷೆ. ನಮ್ಮಲ್ಲಿ ಹೊಸದಾಗಿ ಬಂದ ವಿದ್ಯಾರ್ಥಿಗಳು ಕೂಡಿಟ್ಟ ಹಣದಲ್ಲಿ ಹಳೆಯ ಕಾರು ಕೊಂಡು ಓಡಾಡುತ್ತಾರೆ. ಅಂಥವರಿಗೆ ಆರುನೂರು ಡಾಲರೆಂದರೆ ಒಂದು ತಿಂಗಳ ಊಟ, ಪುಸ್ತಕ ಎರಡೂ ಹೌದು. ಅವರು ಕಾರನ್ನು ತಪಾಸಣೆಗೆ ಒಯ್ಯುವ ದಿನ ಅನುಭವವಿರುವ ನಮ್ಮಲ್ಲೊಬ್ಬರು ಜೊತೆಗೆ ಹೋಗೋಣ. ಫೋನು ಬಂದಾಗ “ಓಕೆ” ಎನ್ನುವ ಬದಲು “ಬೆಲೆಯನ್ನು ಬರೆದು ಕಳುಹಿಸಿ, ನೋಡಿ ತಿಳಿಸುತ್ತೇನೆ” ಎನ್ನುವುದನ್ನು ಅವರಿಗೆ ಹೇಳಿಕೊಡೋಣ.